ಗುಣವತಿ ಹೊಲಿದ ಪರದೆ

ಸನತ್‌ನಗರದ ಮಂದಾರ ಟಾಕೀಸಿನಲ್ಲಿ ಬೆಳ್ಳಿತೆರೆಯ ಮುಂದೆ ಇಳಿಬಿದ್ದ ಕೆಂಪು ಮಖಮಲ್ ಪರದೆಯನ್ನು ಇಪ್ಪತ್ತೆರಡು ವರ್ಷ ಹೊಲಿದು ಕಾಪಾಡಿದವಳು ಗುಣವತಿ. ಹಾಜರಿ ಪುಸ್ತಕದಲ್ಲಿ ಮಾತ್ರ ಇದ್ದದ್ದು ಗೇಟ್‌ಕೀಪರ್ ಆಗಿದ್ದ ಗಂಡ ಬಂಡೆಪ್ಪನ ಹೆಸರು.

ಬೀದರ್ ಕಡೆಯಿಂದ ಬಂದ ಹೊಸದರಲ್ಲಿ ಮಾಲೀಕ ಶಿವಶರಣಪ್ಪನವರು ಅವರಿಬ್ಬರಿಗೆ ತೆರೆಯ ಹಿಂದೆ ಒಂದು ಕೋಣೆ ಕೊಟ್ಟಿದ್ದರು. ಮನೆ ಅಲ್ಲೇ ಆದಮೇಲೆ ಅಂಗಳದ ಜೊತೆಗೆ ಒಂಬೈನೂರು ಕುರ್ಚಿಗಳ ಕಸವೂ ಗುಣವತಿಯ ಪಾಲಿಗೆ ಬಂತು. ಶೇಂಗಾ ಸಿಪ್ಪೆ, ಬೀಡಿ ತುಂಡು, ಲೇಡೀಸ್ ಕ್ಲಾಸಿನಲ್ಲಿ ಕೂಸುಗಳ ಉಚ್ಚೆ. ಒಲೆಯ ಮೇಲೆ ಅನ್ನಕ್ಕಿಟ್ಟು ಹೋಗಿ, ಅದು ಬೇಯುವಷ್ಟರಲ್ಲಿ ಬಾಲ್ಕನಿ ಗುಡಿಸಿ ಬರುತ್ತಿದ್ದಳು. ಅದನ್ನು ಯಾರೂ ಕೆಲಸ ಎಂದು ಕರೆಯಲಿಲ್ಲ.

ಹೈಟೆಕ್ ಸಿಟಿ ಬೆಳೆಯಿತು, ಜಾಗಕ್ಕೆ ಬೆಲೆ ಬಂತು, ಟಾಕೀಸು ಒಂದು ಸಾಫ್ಟ್‌ವೇರ್ ಕಂಪನಿಯ ಪಾಲಾಯಿತು. ಬಂಡೆಪ್ಪನ ಮೊಣಕಾಲು ಹೋಗಿತ್ತು. ಗುಣವತಿ ಕೂಕಟ್‌ಪಲ್ಲಿಯ ಹೊಸ ಸಿನಿಮಾ ಹಾಲಿನಲ್ಲಿ ಕೆಲಸ ಕೇಳಿದಳು. ಹಿಂದೆ ದುಡಿದ ಕಡೆಯ ಕಾಗದವನ್ನು ಭಾನುವಾರ ರಾತ್ರಿಯೊಳಗೆ ತಂದರೆ ಕೆಲಸ ಎಂದರು.

"ನಿನಗ್ಯಾವ ಕಾಗದ ಕೊಡ್ಲವ್ವ? ಮನಿ ಕಸ ಹೊಡದಂಗ ಹೊಡದಿ" ಎಂದರು ಶಿವಶರಣಪ್ಪ.

"ನಿಮ್ಮ ಮನ್ಯಾಗ ಒಂಬೈನೂರು ಕುರ್ಚಿ ಅದಾವೇನ್ರಿ ಸಾವ್ಕಾರ್ರ?"

ಅವರು ನಕ್ಕರು. ಕಾಗದ ಕೊಡಲಿಲ್ಲ.

ಅದೇ ಭಾನುವಾರ ಟಾಕೀಸಿನ ಕೊನೆಯ ಆಟ. ಊರ ಹಿರಿಯರ ಮುಂದೆ ಪರದೆ ಹಳೆಯ ಠೀವಿಯಲ್ಲೇ ಸರಿಯಬೇಕೆಂದು ಸಾಹುಕಾರರಿಗೆ ಆಸೆ. ಪರದೆಯ ಮೇಲಂಚು ಹರಿದಿತ್ತು. ಹೊಲಿಯಲು ಹೇಳಿದಾಗ ಗುಣವತಿ, "ಇದೇನ್ ಮನಿ ಕೆಲ್ಸ ಅಲ್ರಿ. ಮೊದ್ಲ ಕಾಗದ" ಎಂದಳು. ಸಿಟ್ಟಾದ ಅವರು ದಿಲ್‌ಸುಖ್‌ನಗರದಿಂದ ದರ್ಜಿಯನ್ನು ಕರೆಸಿದರು. ಆತ ಪರದೆ ತೂಗುಹಾಕುವ ಉಂಗುರಗಳನ್ನು ಸಮ ಅಂತರದಲ್ಲಿ ಚಂದವಾಗಿ ಹೊಲಿದ. ಶನಿವಾರ ಬಂಡೆಪ್ಪ ಪರದೆ ಎಳೆಯುವ ಚಕ್ರ ತಿರುಗಿಸಿದರೆ, ಪರದೆ ನಡುವಿಗೆ ಬಂದು ಗಂಟಾಗಿ ನಿಂತುಬಿಟ್ಟಿತು. ಹಗ್ಗ ಎಳೆಯುವ ಕಡೆ ಭಾರ ಹೆಚ್ಚು. ಅಲ್ಲಿ ಉಂಗುರದಿಂದ ಉಂಗುರಕ್ಕೆ ನಾಲ್ಕೇ ಬೆರಳು ಅಂತರ ಇರಬೇಕು, ಇನ್ನೊಂದು ಕಡೆ ಒಂದು ಗೇಣು. ಆ ಲೆಕ್ಕ ಇದ್ದದ್ದು ಗುಣವತಿಯ ಕೈಯಲ್ಲಿ.

"ಹೊಲ್ದ್ ಬಿಡ. ನಾಳಿ ಮಂದಿ ಮುಂದ ನನ್ನ ಮಾನ ಹೋಗ್ತೈತಿ" ಎಂದ ಬಂಡೆಪ್ಪ.

"ಪಗಾರ ನಿಂದು, ಮಾನಾನೂ ನಿಂದು. ಕಾಗದಾರ ನಂದಿರ್ಲಿ."

ಸಂಜೆ ಸಾಹುಕಾರರು ಕಾಗದ ಬರೆದುಕೊಟ್ಟರು. ಗುಣವತಿ ಅದನ್ನು ಟಿಕೆಟ್ ಕೊಡುವ ವೇದವತಿಯಿಂದ ಓದಿಸಿದಳು.

"ಬಂಡೆಪ್ಪನ ಹೆಂಡತಿ ಅಂತ ಐತಿ, ಅಕ್ಕ."

"ನನ್ನ ಹೆಸ್ರು?"

"ಇಲ್ಲ."

ಕಾಗದ ವಾಪಸು ಹೋಯಿತು. ಎರಡನೆಯದರಲ್ಲಿ ಗುಣವತಿ ಎಂದಿತ್ತು, ಇಪ್ಪತ್ತೆರಡು ವರ್ಷ ಎಂದಿತ್ತು, ಕಸ ಗುಡಿಸುವುದು ಮತ್ತು ಪರದೆ ಹೊಲಿಯುವುದು ಎಂದಿತ್ತು, ಕೆಳಗೆ ಟಾಕೀಸಿನ ಮೊಹರೂ ಬಿದ್ದಿತ್ತು. ಅವಳು ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಮಡಚಿಟ್ಟು, ದರ್ಜಿ ಹಾಕಿದ ಹೊಲಿಗೆ ಬಿಚ್ಚಲು ಕೂತಳು.

ಭಾನುವಾರ ಪರದೆ ಎಲ್ಲೂ ತಡೆಯದೆ ಕೊನೆತನಕ ಸರಿಯಿತು. ಜನ ಚಪ್ಪಾಳೆ ತಟ್ಟಿದರು. ಶಿವಶರಣಪ್ಪ ಬಂಡೆಪ್ಪನಿಗೆ ಶಾಲು ಹೊದಿಸಿದರು. ಆ ಹೊತ್ತಿಗೆ ಗುಣವತಿ, ಒಲೆ ಹಚ್ಚದೆ, ಕಾಗದ ಹಿಡಿದು ಕೂಕಟ್‌ಪಲ್ಲಿಯ ಬಸ್ಸಿನಲ್ಲಿ ಕೂತಿದ್ದಳು.