ಬಾತು ಕರೆತರಲು ಹೋದ ನಲ್ಲಪ್ಪ

ಆ ಎರಡು ಹಕ್ಕಿಗಳನ್ನು ನಲ್ಲಪ್ಪನ ಕೈಗೆ ಒಪ್ಪಿಸಿದಾಗ ಕಾಗದದ ಮೇಲೆ ಅವು ಹಂಸಗಳಾಗಿದ್ದವು. ಎಲೆಕ್ಟ್ರಾನಿಕ್ ಸಿಟಿಯ ನಮ್ಮ ಕಂಪನಿಯ ಮುಂದೆ ಕೊಳ ತೋಡಿಸಿ, ನೀಲಿ ಟೈಲ್ಸ್ ಹಾಕಿಸಿ, ಅದರಲ್ಲಿ ಹಂಸ ತೇಲಬೇಕೆಂದು ಮೇಲಿನವರು ಬಯಸಿದ್ದರು. ಬಂದದ್ದು ಬಿಳಿ ಹೆಬ್ಬಾತುಗಳ ಒಂದು ಜೋಡಿ. ವಾರದೊಳಗೆ ಇಬ್ಬರು ಪ್ರೋಗ್ರಾಮರುಗಳ ಪ್ಯಾಂಟು ಹಿಡಿದು ಜಗ್ಗಿದ ಮೇಲೆ ಕಂಪನಿಯ ಬಾಯಲ್ಲಿ ಹಂಸ ಹೋಗಿ ಹಿಂಸೆ ಎಂದಾಯಿತು. ತೋಟದ ಕೆಲಸದ ನಲ್ಲಪ್ಪ ಮಾತ್ರ ಮೊದಲ ದಿನವೇ ಬಾತು ಎಂದು ತೀರ್ಮಾನಿಸಿದ್ದ. ಕ್ಯಾಂಟೀನಿನ ಬಾತಿಗಿಂತ ಇವು ವಾಸಿ, ಮಾತಾಡಿಸಿದರೆ ಉತ್ತರ ಕೊಡುತ್ತವೆ ಎಂದು ನನಗೆ ಹೇಳಿದ್ದ.

ನಾನಾಗ ಅಲ್ಲಿ ಸಾಫ್ಟ್‌ವೇರಿನ ಜೊತೆ ಕೊಡುವ ಕೈಪಿಡಿಗಳನ್ನು ಬರೆಯುತ್ತಿದ್ದೆ. ಯಾರೂ ಓದದ ಪುಸ್ತಕ ಬರೆಯುವವನಿಗೆ ಯಾರೂ ಕೇಳದಷ್ಟು ಬಿಡುವಿರುತ್ತದೆ. ಮಧ್ಯಾಹ್ನ ಕೊಳದ ಕಟ್ಟೆಯ ಮೇಲೆ ನಲ್ಲಪ್ಪನ ಪಕ್ಕ ಕೂರುತ್ತಿದ್ದೆ. ಕಾನ್ವೆಂಟಿನಲ್ಲಿ ಸಿಸ್ಟರ್ ನಮಗೆ ಹೆಬ್ಬಾತಿನ ಹೆಣ್ಣು, ಗಂಡು, ಮರಿಯನ್ನು ಗೂಸ್, ಗ್ಯಾಂಡರ್, ಗಾಸ್ಲಿಂಗ್ ಎಂದು ಬೆತ್ತದ ತುದಿಯಲ್ಲಿ ಉರು ಹೊಡೆಸಿದ್ದರು. ಮೂರರಲ್ಲಿ ಒಂದನ್ನೂ ನೋಡಿರಲಿಲ್ಲ. ಕಣ್ಣ ಮುಂದೆ ಎರಡಿದ್ದಾಗಲೂ ಗಂಡು ಯಾವುದು, ಹೆಣ್ಣು ಯಾವುದು ಎಂದು ತಿಳಿಯದೆ ನಲ್ಲಪ್ಪನನ್ನೇ ಕೇಳಬೇಕಾಯಿತು. ಕೀರಲು ದನಿ ಗಂಡಿನದು, ದಪ್ಪ ದನಿ ಹೆಣ್ಣಿನದು ಎಂದ. ನಮ್ಮನೇಲೂ ಅಂಗೇ ಇತ್ತು ಎಂದು ಸೇರಿಸಿದ.

ಅವನ ಮನೆಯ ಕಥೆ ನನಗೆ ಹೀಗೆ ತುಣುಕು ತುಣುಕಾಗಿಯೇ ಸಿಕ್ಕಿದ್ದು. ಹೆಂಡತಿ ಮುನಿಯಕ್ಕ ಆರು ವರ್ಷದ ಹಿಂದೆ, ಅಕ್ಕ ಅಶ್ವತ್ಥಮ್ಮನ ಕಾಲು ಮುರಿದಾಗ, ನೋಡಿಕೊಳ್ಳಲು ಪೀಣ್ಯದ ಹತ್ತಿರದ ಬಾಗಲಗುಂಟೆಗೆ ಹೋದಳು. ತಿಂಗಳಾದ ಮೇಲೆ ಬಂದು ಕರ್ಕೊಂಡು ಹೋಗು ಎಂದು ಫೋನು ಮಾಡಿದಳು. ನಲ್ಲಪ್ಪ, ಬಸ್ಸು ಐತಲ್ಲ, ಬಾ ಎಂದ. ಅಷ್ಟೇ. ಅವರ ಕಡೆ ಅಕ್ಕನ ಮನೆಗೆ ಹೋದ ಹೆಣ್ಣು ತಾನಾಗಿ ಹಿಂದಿರುಗುವುದಿಲ್ಲ. ಗಂಡ ಬಂದು, ಉಂಡು, ಕರೆದುಕೊಂಡು ಹೋಗಬೇಕು. ಇವನಿಗೆ ಅದು ಗೊತ್ತಿರಲಿಲ್ಲವೆಂದಲ್ಲ, ಆ ದಿನ ಸೋಮಾರಿತನ. ಮಾರನೆಯ ದಿನ ನಾಚಿಕೆ. ಆಮೇಲೆ ಬಿಗುಮಾನ. ಅವಳು ಅಲ್ಲೇ ಗಾರ್ಮೆಂಟ್ಸ್ ಸೇರಿದಳು. ಇವನು ಚಂದಾಪುರದ ಒಂಟಿ ಕೋಣೆಯಲ್ಲಿ ಉಳಿದ. ನಡುವೆ ನಿಂತು ರಾಜಿ ಮಾಡಿಸಲು ಮಕ್ಕಳೂ ಇರಲಿಲ್ಲ. ಊರಿನ ಈ ತುದಿಯಿಂದ ಆ ತುದಿಗೆ ಎರಡು ಬಸ್ಸು. ಆರು ವರ್ಷದಲ್ಲಿ ಒಂದನ್ನೂ ಅವನು ಹತ್ತಲಿಲ್ಲ.

ಬಾತುಗಳ ಸಂಸಾರ ಮಾತ್ರ ಅವನಿಗೆ ಬಾಯಿಪಾಠ. ಜೋಡಿ ಕೂಡುವ ಮೊದಲು ಎರಡೂ ನೀರಿನಲ್ಲಿ ಎದುರುಬದುರಾಗಿ ನಿಂತು ಒಂದಾದ ಮೇಲೊಂದು ಕತ್ತು ಮುಳುಗಿಸುತ್ತವೆ, ಆಮೇಲೆ ರೆಕ್ಕೆ ಬಡಿದು ಸ್ನಾನ ಮಾಡುತ್ತವೆ ಎಂದು ತೋರಿಸಿದ್ದ. ನಾವಿಬ್ಬರೂ ಆಗ ಮರ್ಯಾದೆಗೆಂದು ಜನರೇಟರ್ ಕಡೆ ನೋಡಿದೆವು. ಅವನಿಗೆ ಅದಕ್ಕಿಂತ ಇಷ್ಟವಾದದ್ದು ಇನ್ನೊಂದು. ಗಂಡು ನಾಯಿಯನ್ನೋ ವಾಚ್‌ಮನ್ನನ್ನೋ ಅಟ್ಟಿಸಿಕೊಂಡು ಹೋಗುತ್ತದೆ, ಏನೂ ಸಿಗದಿದ್ದರೆ ಒಣಗಿದ ಎಲೆಯನ್ನಾದರೂ ಅಟ್ಟುತ್ತದೆ. ಗೆದ್ದವನಂತೆ ಹೆಣ್ಣಿನ ಹತ್ತಿರ ಓಡಿ ಬಂದು, ಕತ್ತು ನೆಲದುದ್ದ ಚಾಚಿ ಕೂಗುತ್ತದೆ. ಹೆಣ್ಣೂ ಕತ್ತು ಚಾಚಿ ದಪ್ಪ ದನಿಯಲ್ಲಿ ಉತ್ತರಿಸುತ್ತದೆ. ಹತ್ತು ಹೆಜ್ಜೆ ದೂರ ಹೋಗಿ ಬಂದಿದ್ದಕ್ಕೆ ಇಷ್ಟು ಸಂಭ್ರಮ. ನಲ್ಲಪ್ಪ ಅದನ್ನು ದಿನಕ್ಕೆ ಇಪ್ಪತ್ತು ಸಲ ನೋಡಿದರೂ ಕೈಯಲ್ಲಿದ್ದ ಕೆಲಸ ನಿಲ್ಲಿಸುತ್ತಿದ್ದ.

ಎರಡು ಸಾವಿರದ ಹನ್ನೊಂದರ ಜನವರಿಯಲ್ಲಿ ಆ ಗಂಡು, ಹೊರದೇಶದಿಂದ ಬಂದ ಗ್ರಾಹಕರೊಬ್ಬರ ತೊಡೆಗೆ ಬಾಯಿ ಹಾಕಿತು. ಆಡಳಿತ ವಿಭಾಗದ ಗುರುರಾಜ್ ಅದೇ ಸಂಜೆ ಅದನ್ನು ಪೀಣ್ಯದಲ್ಲಿದ್ದ ನಮ್ಮ ಗೋಡೌನಿಗೆ ಕಾವಲಿಗೆಂದು ವರ್ಗ ಮಾಡಿದರು.

ಹೆಣ್ಣು ಕೊಳಕ್ಕಿಳಿಯಲಿಲ್ಲ. ಟೆಂಪೋ ಹೋದ ಗೇಟಿನ ಮುಂದೆ ನಿಂತು ಕೂಗಿತು, ನಿಲ್ಲಿಸಿ ಉತ್ತರಕ್ಕೆ ಕಾಯಿತು, ಮತ್ತೆ ಕೂಗಿತು. ನಾಲ್ಕನೆಯ ದಿನ ಕ್ರೋಟನ್ ಗಿಡದ ಬುಡದಲ್ಲಿ ಕುಳಿತುಬಿಟ್ಟಿತು. ನಲ್ಲಪ್ಪ ಇಟ್ಟ ನುಚ್ಚು ಹಾಗೇ ಹುಳಿಯಿತು. ಅವನು ಗುರುರಾಜರ ಕ್ಯಾಬಿನ್ನಿಗೆ ಚಪ್ಪಲಿ ಬಿಟ್ಟು ಹೋಗಿ, ತಂದುಬಿಡಾನ ಸಾರ್, ಸತ್ತೋಯ್ತದೆ ಎಂದ. ಗುರುರಾಜ್ ಒಪ್ಪಿದ್ದು ಕರುಣೆಯಿಂದಲ್ಲ; ಕೂಗು ಮೀಟಿಂಗುಗಳಿಗೆ ಕೇಳಿಸುತ್ತಿತ್ತು. ಒಂದೇ ಷರತ್ತು, ಜೋಡಿ ಇನ್ನು ಕಟ್ಟಡದ ಹಿಂದಿನ ಬೇಲಿಯೊಳಗಿರಬೇಕು.

ಮುಂದಿನದನ್ನು ನನಗೆ ಹೇಳಿದವನು ಟೆಂಪೋ ಓಡಿಸಿದ ಲೋಕೇಶ್. ಗೋಡೌನಿನಲ್ಲಿ ಗಂಡು ಬಾತನ್ನು ಬುಟ್ಟಿಗೆ ತುಂಬಿ ಹೊರಟ ಮೇಲೆ ನಲ್ಲಪ್ಪ, ಇಲ್ಲೇ ಬಾಗಲಗುಂಟೆ ಮೇಲೆ ಹೋಗಾನ ಎಂದನಂತೆ. ಅಶ್ವತ್ಥಮ್ಮನ ಮನೆ ಮುಂದೆ ಗಾಡಿ ನಿಂತಾಗ ಇವನು ಇಳಿದು ಬುಟ್ಟಿ ಕೆಳಗಿಟ್ಟ. ಕೂಗಿದ್ದು ಬಾತು. ಬೀದಿಯೇ ಹೊರಗೆ ಬಂತು. ಮುನಿಯಕ್ಕ ಸೆರಗಿಗೆ ಕೈ ಒರೆಸುತ್ತಾ ಕೊನೆಗೆ ಬಂದಳು. ಗಂಡನನ್ನು ನೋಡಿದಳು, ಬುಟ್ಟಿಯನ್ನು ನೋಡಿದಳು.

"ಏನಿದು?"

"ಬಾತು. ಇದರ ಜೊತೇದು ಅಲ್ಲಿ ಊಟ ಬಿಟ್ಟು ಕುಂತದೆ. ಕರ್ಕಂಡೋಯ್ತಾ ಇವ್ನಿ."

ಅವಳು ಒಳಗೆ ಹೋಗಿ ಬೋಗುಣಿಯಲ್ಲಿ ನೀರು ತಂದು ಬುಟ್ಟಿಯ ಬಾಯಿಗೆ ಹಿಡಿದಳು. ಅದು ಕುಡಿಯುವವರೆಗೂ ಬಗ್ಗಿ ನಿಂತಿದ್ದು, ತಲೆ ಎತ್ತದೆ ಕೇಳಿದಳು:

"ಯಾಕೆ, ಇದಕ್ಕೆ ಬಸ್ಸು ಇರ್ನಿಲ್ವಾ?"

ನಲ್ಲಪ್ಪ ಆಗಲಾದರೂ ತಪ್ಪಾಯ್ತು ಎನ್ನಬಹುದಿತ್ತು. "ನೀನೂ ಬಾ, ಗಾಡೀಲಿ ಜಾಗ ಐತೆ" ಎಂದ. ಲೋಕೇಶ್ ಸ್ಟಿಯರಿಂಗಿಗೆ ಹಣೆ ಚಚ್ಚಿಕೊಂಡನಂತೆ.

"ಬಾತು ಕರೆಯಕ್ಕೆ ಬಂದೋನ ಇಂದೆ ನಾನು ಬರಲ್ಲ" ಎಂದಳು ಮುನಿಯಕ್ಕ. "ನನ್ನ ಕರೆಯಕ್ಕೇ ಅಂತ ಬಾ. ಆರು ವರ್ಷ ಕಾಯ್ಸಿದ್ದೀಯ, ಆರು ಭಾನುವಾರ ಬಾ. ಆಮೇಲೆ ನೋಡಾನ."

ಸಂಜೆ ಬುಟ್ಟಿ ಬಿಚ್ಚಿದಾಗ ನಾನೂ ಬೇಲಿಯ ಹತ್ತಿರ ಇದ್ದೆ. ಎರಡೂ ಕತ್ತು ಚಾಚಿ ಕೂಗಿದ ಸದ್ದಿಗೆ ನಾಲ್ಕನೇ ಮಹಡಿಯ ಕಿಟಕಿಗಳು ತೆರೆದವು. ನಲ್ಲಪ್ಪ ಬೆನ್ನು ತಿರುಗಿಸಿ ಕೊಳಾಯಿಯಲ್ಲಿ ತುಂಬ ಹೊತ್ತು ಮುಖ ತೊಳೆದ.

ಭಾನುವಾರ ಬಾತುಗಳಿಗೆ ನುಚ್ಚು ಹಾಕುವ ಕೆಲಸ ನನ್ನದಾಯಿತು. ನಲ್ಲಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಹೋಗುತ್ತಿದ್ದ, ಸಂಜೆ ಬಂದು ಒಂದೆರಡು ಮಾತಿನಲ್ಲಿ ವರದಿ ಒಪ್ಪಿಸುತ್ತಿದ್ದ. ಮೊದಲ ವಾರ ಅಶ್ವತ್ಥಮ್ಮನೇ ಕಾಫಿ ಕೊಟ್ಟಳು. ಎರಡನೆಯ ವಾರ ಮುನಿಯಕ್ಕ ಮುದ್ದೆ ಬಡಿಸಿ ಒಳಗೆ ಹೋದಳು. ಮೂರನೆಯ ವಾರ ಅವಳಿಗೆ ಓವರ್‌ಟೈಮ್. ಇವನು ಸಂಜೆಯ ತನಕ ಮೆಟ್ಟಿಲ ಮೇಲೆ ಕೂತು ಎದ್ದು ಬಂದ. ಇದು ಲೆಕ್ಕಕ್ಕೆ ಸೇರ್ತದಾ ಸಾರ್ ಎಂದು ನನ್ನನ್ನು ಕೇಳಿದ. ನನ್ನ ಯಾವ ಕೈಪಿಡಿಯಲ್ಲೂ ಅದಕ್ಕೆ ಉತ್ತರವಿರಲಿಲ್ಲ. ಮುಂದಿನ ವಾರ ಅವನೇ ತಂದ: ನೀನು ಬಂದಿದ್ದು ಸೇರ್ತದೆ, ನಾನು ಇದ್ನೋ ಇಲ್ವೋ ಅಂತಲ್ಲ, ಎಂದಳಂತೆ.

ಅಷ್ಟರಲ್ಲಿ ಹೆಣ್ಣು ಬಾತು ಬೇಲಿಯೊಳಗಿನ ಗಿಡವೊಂದರ ಮರೆಯಲ್ಲಿ ಐದು ಮೊಟ್ಟೆಯಿಟ್ಟು ಕಾವಿಗೆ ಕೂತಿತ್ತು. ಎದ್ದಾಗ ತನ್ನ ಎದೆಯ ಪುಕ್ಕ ಕಿತ್ತು ಮೊಟ್ಟೆಗಳ ಮೇಲೆ ಹೊದಿಸಿ, ಬೇಗ ಬೇಗ ನೀರು ಕುಡಿದು ಮರಳುತ್ತಿತ್ತು. ಗಂಡು ಎದುರಿಗೆ ಒಂಟಿ ಕಾಲಲ್ಲಿ ನಿಂತಿರುತ್ತಿತ್ತು. ಕಾಯುವುದು ಬಿಟ್ಟು ಅದಕ್ಕೆ ಬೇರೆ ಕೆಲಸವಿರಲಿಲ್ಲ.

ಐದನೆಯ ಭಾನುವಾರ ಹೊತ್ತು ಇಳಿಯುವಾಗ ನಲ್ಲಪ್ಪ ಬಂದ. ಅಂಗಿಯ ಇಸ್ತ್ರಿ ಎರಡು ಬಸ್ಸಿನಲ್ಲಿ ಕೆಟ್ಟಿತ್ತು.

"ಇವತ್ತು ಒಂದ್ ಮಾತು ಕೇಳಿದ್ಲು ಸಾರ್."

"ಏನಂತೆ?"

"ಚಂದಾಪುರದ ರೂಮಲ್ಲಿ ನೀರು ಎಂಗೆ ಅಂತ. ದಿನ ಬಿಟ್ಟು ದಿನ ಟ್ಯಾಂಕರ್ ಬರ್ತದೆ ಅಂದೆ."

"ಅದಕ್ಕೆ?"

"ಊಂ ಅಂದ್ಲು. ಅಷ್ಟೆ." ಒಂದು ಬೆರಳು ಎತ್ತಿ ತೋರಿಸಿದ. "ಇನ್ನೊಂದು."

ಬೇಲಿಯೊಳಗೆ ಗಂಡು ಬಾತು ಗಾಳಿಗೆ ಉರುಳಿದ ಎಲೆಯೊಂದನ್ನು ಗೋಡೆಯ ತನಕ ಅಟ್ಟಿ, ಓಡಿ ಬಂದು, ಗಿಡದ ಕಡೆ ಕತ್ತು ಚಾಚಿ ಕೂಗಿತು. ಒಳಗಿನಿಂದ ಸದ್ದಿಲ್ಲ. ನಲ್ಲಪ್ಪ ಕದಲದೆ ನಿಂತ. ಗಂಡು ಇನ್ನೊಮ್ಮೆ ಕೂಗಿತು. ಬಹಳ ಹೊತ್ತಿನ ಮೇಲೆ ಎಲೆಗಳ ಮರೆಯಿಂದ, ಕೂತಲ್ಲಿಂದಲೇ, ದಪ್ಪ ದನಿಯ ಉತ್ತರ ಬಂತು. ಅದನ್ನು ಕೇಳಿದ ಮೇಲೆಯೇ ಅವನು ಚಂದಾಪುರದ ಬಸ್ಸಿಗೆ ಹೊರಟ.