ಮೊದಲು ಮೈನಸ್ ಬಿಚ್ಚಿಸುತ್ತಿದ್ದವರು

ಬೆಳಿಗ್ಗೆ ಏಳೂ ನಲವತ್ತಕ್ಕೆ ಕಾರಿನ ಹಳೆ ಬ್ಯಾಟರಿ ತೆಗೆಯಲು ಪಾನಾ ಹಾಕಿ ಪ್ಲಸ್ ನಟ್ಟನ್ನೇ ಮೊದಲು ತಿರುಗಿಸಿದೆ. ಪಾನಾ ಕಾರಿನ ಲೋಹದ ಮೈಗೆ ತಾಗಿ, ಕಿಡಿ ಹಾರಿ, ಅಲ್ಲೇ ಅಂಟಿಕೊಂಡಿತು.

ಪಕ್ಕದ ಮನೆಯ ಕಾಕಾ ರಾವೂರಿನ ಗಣಿಯಲ್ಲಿ ಲಾರಿಗಳ ಎಲೆಕ್ಟ್ರಿಷಿಯನ್ ಆಗಿದ್ದವರು. ಬ್ಯಾಟರಿಗೆ ಬಗ್ಗುವ ಮುನ್ನ ಇಷ್ಟಲಿಂಗದ ಬೆಳ್ಳಿ ಕರಡಿಗೆಯನ್ನು ಬೆನ್ನಿಗೆ ಸರಿಸಿ, "ಮೊದಲ ಮೈನಸ್ ಬಿಚ್ಚಬೇಕ್ರಿ, ಕರೆಂಟಿಗೆ ಭಕ್ತಿ ಗೊತ್ತಿಲ್ಲ" ಎನ್ನುತ್ತಿದ್ದರು.

ಅಂದು ಓಡಿಬಂದು ಟವೆಲ್ಲಿನಿಂದ ಪಾನಾ ಕಿತ್ತೆಸೆದರು. ಕರಡಿಗೆ ಸರಿಸುವುದನ್ನು ಮರೆತಿದ್ದರು. ಅದರ ಸರಪಳಿ ಪ್ಲಸ್ಸಿಗೂ ಕಾರಿನ ಮೈಗೂ ತಾಗಿ ಕೊರಳು ಸುಟ್ಟಿತು.

"ಸರ, ಕಾಲೇಜಿನ್ಯಾಗ ಪ್ಲಸ್ಸೇ ಮೊದಲಂತ ಕಲಿಸ್ತೀರೇನ್ರಿ?" ಎಂದಷ್ಟೇ ಕೇಳಿದರು.

ಆಮೇಲೆ ದಿನವೂ ನಿದ್ದೆಯಲ್ಲಿ ಆ ಕಿಡಿ ಕಂಡು ಬೆಚ್ಚಿ ಏಳುತ್ತಿದ್ದೆ. ಕೊರಳ ಗಾಯದ ಪಟ್ಟಿ ಬಿಚ್ಚಿದ ದಿನ ಕಾಕಾ ನೋವಿಲ್ಲದೆ ಕತ್ತು ಹೊರಳಿಸಿ, "ಚಾ ಆರ್ಲಿಕತ್ತದ, ಬರ್ರಿ" ಎಂದು ಕರೆದರು. ಅಂದು ರಾತ್ರಿ ಬೆಳಗಿನವರೆಗೂ ಮಲಗಿದೆ.