ತಲೆಯೆತ್ತದೆ ಬರೆದ ಮಹಜರು

ಮಾನ್ಯ ಓದುಗರಲ್ಲಿ ವಿನಂತಿ. ನನ್ನ ಕೈಬರಹ ಕೋಳಿ ಕೆದರಿದಂತಿದೆ; ಕಾಗುಣಿತದ ಮೇಲೂ ಭರವಸೆಯಿಲ್ಲ. ಕಚೇರಿ ಪತ್ರಗಳ ಹೊರತು ಬೇರೇನನ್ನೂ ಬರೆದು ಅಭ್ಯಾಸವಿಲ್ಲದ ಕಾರಣ, ಈ ಮೊದಲ ಬರಹದ ಲೋಪಗಳನ್ನು ಮನ್ನಿಸಬೇಕಾಗಿ ಕೋರುತ್ತೇನೆ.

ನಿನ್ನೆ ಹೊಳೆನರಸೀಪುರದ ನಮ್ಮ ಮನೆಗೆ ಸರ್ಕಾರಿ ನೌಕರರೊಬ್ಬರು ಬಂದು, ಪಕ್ಕದ ಬೀದಿಯ ಗೋಡೆ ತಕರಾರಿನ ಸ್ಥಳ ಮಹಜರನ್ನು ಮುಂದೆ ಹಿಡಿದರು. "ಸಾಕ್ಷಿಗೆ ಒಂದ್ ಸೈನ್ ಆಕ್ಬುಡಿ ಸಾ. ಗ್ವಾಡೆ ಎಲ್ಲೋಯ್ತದೆ?" ಸ್ಥಳಕ್ಕೆ ಹೋಗಿ ಕಣ್ಣಾರೆ ಕಂಡದ್ದನ್ನು ಸಾಕ್ಷಿಗಳ ಮುಂದೆ ಬರೆಯುವ ಕಾಗದಕ್ಕೆ ಮಹಜರು ಎಂದು ಹೆಸರು, ಕುರ್ಚಿ ಬಿಟ್ಟೇಳದೆ ಬರೆಯುವುದು ಅದರ ಪದ್ಧತಿ. ಮೊಹರಿನ ಶಾಯಿಯ ವಾಸನೆ ಮೂಗಿಗೆ ತಾಗಿದೊಡನೆ ಹಳೆಯ ರಜೆಯ ವಾರವೊಂದು ನೆನಪಾಯಿತು.

ಸೈಬರ್ ಕೆಫೆಗಳ ಕಾಲವದು. ನಾನೂ ಒಂದು ಕಚೇರಿಯಲ್ಲಿ ಗುಮಾಸ್ತ. ರಜೆಗೊಂದು ಹವ್ಯಾಸ ಬೇಕೆಂದು ಪತ್ರಿಕೆಗಳು ಉಪದೇಶಿಸುತ್ತಿದ್ದವು. ಹವ್ಯಾಸವೆಂದರೇನು ಸ್ವಾಮಿ? ಸಂಬಳದ ಕೆಲಸಕ್ಕೆ ತೋರದ ಶ್ರದ್ಧೆಯನ್ನು ಸಂಬಳವಿಲ್ಲದ ಕೆಲಸಕ್ಕೆ ತೋರುವುದು. ನಾನು ದಿನವೂ ಹಾಸನಕ್ಕೆ ಹೋಗಿ, ಅಂತರಜಾಲದಲ್ಲಿ ಅನ್ಯರ ತಪ್ಪು ಹುಡುಕುವುದನ್ನೇ ಹವ್ಯಾಸವಾಗಿ ಮಂಜೂರು ಮಾಡಿಕೊಂಡೆ. ಬೆಂಕಿಪೊಟ್ಟಣ ಕೂಡಿಡುವವರು, ಬೆಕ್ಕಿನ ದಿನಚರಿ ಬರೆಯುವವರು! ಜಗತ್ತಿನಲ್ಲಿ ಇಷ್ಟು ಜನಕ್ಕೆ ಕೆಲಸವಿಲ್ಲವೆಂಬುದೇ ನನ್ನ ಮೊದಲ ಸಂಶೋಧನೆ.

ಮೂರನೆಯ ದಿನ ಮೊಸಳೆ ಎಂಬ ಹಳ್ಳಿಯ ಜೋಡಿ ದೇವಾಲಯಗಳ ಪುಟ ಸಿಕ್ಕಿತು. ಬರೆದವರು ದೂರದ ಊರಿನ ದಂತವೈದ್ಯೆ. ಒಳಛಾವಣಿಯಲ್ಲಿ, ಕಂಬಗಳ ನಡುವಿನ ಅಂಕಣ ಅಂಕಣಕ್ಕೂ ಕೆತ್ತನೆ ಬೇರೆಯೆಂದು ಬರೆದಿದ್ದರು. ಮೊಸಳೆ ನನ್ನ ಮಾವನವರ ಊರು. ಹನ್ನೆರಡು ವರ್ಷ ಆ ಗುಡಿ ಹೊಕ್ಕವನಿಗೆ ಹಲ್ಲು ಕೀಳುವವರು ಪಾಠ ಹೇಳುವುದೇ? ವಿಷಯ, ಉಲ್ಲೇಖ ಸಹಿತ ಮಿಂಚಂಚೆ ರವಾನಿಸಿದೆ: "ಸ್ಥಳ ಪರಿಶೀಲಿಸಲಾಗಿ, ಛಾವಣಿಯು ಬರೀ ಕಲ್ಲುಚಪ್ಪಡಿಯೆಂದು ಕಂಡುಬಂದಿರುತ್ತದೆ." ಸಾಕ್ಷಿಯಾಗಿ ಮಾವನವರ ಹೆಸರನ್ನೂ, ಅವರನ್ನು ಕೇಳದೆಯೇ, ನಮೂದಿಸಿದೆ.

ಮರುದಿನವೇ ಉತ್ತರ. ಭಾನುವಾರ ಬರುತ್ತೇನೆ, ಸಾಕ್ಷಿದಾರರನ್ನು ಭೇಟಿ ಮಾಡಿಸಿ. ನನ್ನದು ತಪ್ಪಾದರೆ ಪುಟವನ್ನೇ ತೆಗೆಯುತ್ತೇನೆ.

ಶನಿವಾರವೇ ಮೊಸಳೆಗೆ ಓಡಿದೆ. ಮಾವ ಬೇಸಾಯಗಾರರು, ಜಮೀನಿನ ಜಗಳಗಳಲ್ಲಿ ಅವರ ಮಾತೇ ಕೊನೆಯ ಮಾತು. ಸಂಗತಿ ಕೇಳಿದವರೇ ಗುಡಿಗೆ ಕರೆದೊಯ್ದರು.

"ಮ್ಯಾಕ್ ನೋಡಿ ಅಳಿಯಂದ್ರೇ."

ತಲೆಯೆತ್ತಿ ನೋಡಿದೆ. ಕಲ್ಲು ತಾವರೆಮೊಗ್ಗಾಗಿ ಇಳಿಬಿದ್ದಿತ್ತು. ಪಕ್ಕದ ಅಂಕಣದಲ್ಲಿ ಬೇರೆಯದೇ ಹೂವು. ಹನ್ನೆರಡು ವರ್ಷವೂ ನಾನು ತಲೆ ತಗ್ಗಿಸಿ ಕೈಮುಗಿದು, ತಗ್ಗಿಸಿದ ತಲೆಯಲ್ಲೇ ಪ್ರಸಾದದ ಕಡೆ ತೆರಳಿದ್ದೆ.

"ಇದ್ನ ನಾನು ಚಪ್ಡಿ ಅಂದ್ನಾ? ಗೇಣುದ್ದ ಜಮೀನ್ ಬದಕ್ಕೂ ಇವತ್ತಿನ್ ಗಂಟ ಸುಳ್ ಸಾಕ್ಷಿ ಏಳಿಲ್ಲ ಕಣ್ರೀ. ನೀವು ಒಂದೇ ಕಾಗ್ದದಲ್ಲಿ ಏಳಿಸ್ಬುಟ್ರಲ್ಲ!"

"ನಾಳೆ ಅವ್ರಿಗೆ ಏನು ಹೇಳೋದು ಮಾವ?"

"ಇದ್ದುದ್ದ ನೀವೇ ಏಳಿ. ನಾನು ಪಕ್ದಲ್ಲೇ ನಿಂತಿರ್ತೀನಿ, ಸಾಕ್ಷಿಗೆ."

ಭಾನುವಾರ ಹೇಳಿದೆ. ವೈದ್ಯೆ ನಗಲಿಲ್ಲ, ಚಾಪೆ ಹಾಸಿ, ಹೀಗೆ ಮಲಗಿ ನೋಡಿದರೆ ಕತ್ತು ನೋಯುವುದಿಲ್ಲವೆಂದರು. ನಾನು ಹಿಂಜರಿದೆ. ಮಾವ ಬಿಡಲಿಲ್ಲ: "ಮನೀಕಳಿ ಅಳಿಯಂದ್ರೇ, ಆಪೀಸು ಅನ್ಕಳಿ!"

ನಿನ್ನೆ ನಾನು ಸಹಿ ಹಾಕಲಿಲ್ಲ. ಚಪ್ಪಲಿ ಮೆಟ್ಟಿ ಗೋಡೆ ನೋಡಲು ಹೊರಟೆ. "ಬಿಸ್ಲು ಸಾ" ಎನ್ನುತ್ತ ನೌಕರರೂ ಹಿಂದೆ ಬಂದರು. ಮಹಜರಿನಲ್ಲಿ ಆಳೆತ್ತರವಿದ್ದ ಗೋಡೆ ನನ್ನ ಮೊಣಕಾಲಿಗೂ ಬರಲಿಲ್ಲ.

ಈ ಬರಹದಲ್ಲಿ ತಪ್ಪು ಕಂಡವರು ಮುಲಾಜಿಲ್ಲದೆ ಕೆಂಪು ಶಾಯಿಯಲ್ಲಿ ತಿದ್ದತಕ್ಕದ್ದು. ಛಾವಣಿಯ ಬಗ್ಗೆ ತಕರಾರುಳ್ಳವರು ಮಾತ್ರ ಮೊದಲು ಮೊಸಳೆಗೆ ಹೋಗಿ, ಮಲಗಿ ನೋಡಿ, ಆನಂತರ ಬರೆಯತಕ್ಕದ್ದು.